ಪದಚರ್ಚೆ: ಬಾಡು, ಸೊರಗು, ಕಮರು, ಮತ್ತು ಟೊಮೆಟೊ ಕಾಯಿಯ ಮೇಲಿನ ಬಿಳಿ ಮಚ್ಚೆ

ಬಳಗದ ಎಲ್ಲರಿಗೂ ನಮಸ್ಕಾರ.

ಹಿತ್ತಿಲಿನಲ್ಲಿ ತರಕಾರಿ, ಹಣ್ಣು ಬೆಳೆದುಕೊಳ್ಳುವವರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಕರಡನ್ನು ತಿದ್ದುತ್ತಿದ್ದೇನೆ. ನಡುಬೇಸಗೆಯ ಅಧ್ಯಾಯದಲ್ಲಿ ಬಿಸಿಲಿನಿಂದ ಗಿಡಕ್ಕೆ ಆಗುವುದೆಲ್ಲವೂ ‘ಒಣಗುವುದು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗಿದೆ. ಎಲೆ ಜೋತರೂ ಒಣಗುವುದು, ಕುಡಿ ಸುಟ್ಟರೂ ಒಣಗುವುದು. ಕನ್ನಡಕ್ಕೆ ಇಷ್ಟು ಬಡತನ ಬಂದಿಲ್ಲ. ನಾನು ಮಾಡಿಕೊಂಡ ವಿಂಗಡಣೆ ನಿಮಗೆ ಒಪ್ಪಿಗೆಯೇ ಎಂದು ತಿಳಿಯಬೇಕಾಗಿದೆ. ಜೊತೆಗೆ ನನ್ನ ಬಳಿ ಇಲ್ಲದ ಒಂದು ಪದವೂ ಬೇಕಾಗಿದೆ.

ಮೊದಲು ‘ಬಾಡು’. (ಬಾಡೂಟದ ಬಾಡು ಬೇರೆ; ಆ ಚರ್ಚೆಯನ್ನು ದಯವಿಟ್ಟು ಇಲ್ಲಿ ಎತ್ತಬೇಡಿ.) ತಮಿಳಿನ ‘ವಾಡು’ ಇದರ ಒಡಹುಟ್ಟು. ಬಾಡಿದ್ದು ಚೇತರಿಸಿಕೊಳ್ಳಬಹುದು ಎಂಬ ದನಿ ಈ ಪದದಲ್ಲಿ ನನಗೆ ಕೇಳಿಸುತ್ತದೆ. ಕುಂಬಳ, ಸೌತೆಯ ಬಳ್ಳಿಗಳನ್ನು ಮಟಮಟ ಮಧ್ಯಾಹ್ನ ನೋಡಿ. ಅಗಲವಾದ ಎಲೆಗಳು ತೊಟ್ಟಿನ ಬಳಿ ಮಡಿಸಿಕೊಂಡಂತೆ ಜೋತು ಬಿದ್ದಿರುತ್ತವೆ, ಪಾತಿಯ ಮಣ್ಣನ್ನು ಕೆದಕಿದರೆ ತೇವ ಇರುತ್ತದೆ. ಎಲೆಗಳಿಂದ ಆವಿಯಾಗಿ ಹೋಗುವಷ್ಟು ನೀರನ್ನು ಬೇರು ಅಷ್ಟೇ ಬೇಗ ಎಳೆದುಕೊಡಲಾರದು, ಅಷ್ಟೇ. ಹೊತ್ತು ಇಳಿದಂತೆ ಎಲೆಗಳು ತಾವಾಗಿಯೇ ನಿಗುರುತ್ತವೆ. ಬೆಳಗಿನ ಜಾವದಲ್ಲೂ ಹಾಗೆಯೇ ಜೋತಿದ್ದರೆ ಮಾತು ಬೇರೆ. ಮಣ್ಣು ಒಣಗಿದ್ದರೆ ನೀರು ಹಾಯಿಸಬೇಕು. ಮಣ್ಣು ಹಸಿಯಾಗಿದ್ದೂ ಎಲೆ ಏಳದಿದ್ದರೆ ಬೇರಿಗೋ ಕಾಂಡಕ್ಕೋ ಕೇಡು ತಗುಲಿದೆ.

ಆ ಕೇಡಿನ ಹೆಸರು ‘ಸೊರಗು’. ಕೃಷಿ ಬರಹಗಳಲ್ಲಿ ‘ಸೊರಗು ರೋಗ’ ಚೆನ್ನಾಗಿ ನೆಲೆಯೂರಿದೆ. ಆ ಹೆಸರಿಟ್ಟವರಿಗೆ ಒಳ್ಳೆಯ ಕಿವಿ ಇದ್ದಿರಬೇಕು: ಮನುಷ್ಯರಲ್ಲೂ ಮುಖ ಬಾಡುವುದು ಗಳಿಗೆಯ ಮಾತು, ಮೈ ಸೊರಗುವುದು ದಿನಗಟ್ಟಲೆಯದು. ಟೊಮೆಟೊ ಗಿಡಕ್ಕೆ ಫ್ಯುಸೇರಿಯಂ ಶಿಲೀಂಧ್ರದ ಸೊರಗು ತಗುಲಿದಾಗ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ಎಷ್ಟೋ ಸಲ ಒಂದೇ ಮಗ್ಗುಲಿನಲ್ಲಿ. ಬುಡದ ಕಾಂಡವನ್ನು ಸೀಳಿದರೆ ಒಳಗೆ ಕಂದು ಗೆರೆಗಳು ಕಾಣುತ್ತವೆ. ದುಂಡಾಣು ಸೊರಗಿನಲ್ಲಿ ಗಿಡ ಹಸಿರಾಗಿದ್ದಂತೆಯೇ ಕುಸಿಯುತ್ತದೆ. ಕತ್ತರಿಸಿದ ಕಾಂಡದ ತುದಿಯನ್ನು ಗಾಜಿನ ಲೋಟದ ತಿಳಿನೀರಿಗೆ ಇಳಿಬಿಟ್ಟರೆ ಹಾಲಿನಂಥ ಎಳೆಗಳು ನಿಧಾನವಾಗಿ ಕೆಳಗಿಳಿಯುತ್ತವೆ. ಇಂಥ ಗಿಡ ‘ಬಾಡಿದೆ’ ಎಂದು ಬರೆದರೆ ಓದಿದವರು ಕೊಡಗಟ್ಟಲೆ ನೀರು ಸುರಿಯುತ್ತಾರೆ. ಆದ್ದರಿಂದ ಈ ಎರಡು ಪದಗಳನ್ನು ಬೆರೆಸುವ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

‘ಕಮರು’ ಪದವನ್ನು ಪತ್ರಿಕೆಗಳ ತಲೆಬರಹಗಳು ಸವೆಸಿಬಿಟ್ಟಿವೆ. ಕನಸು ಕಮರುತ್ತದೆ, ಆಸೆ ಕಮರುತ್ತದೆ, ಗಿಡ ಮಾತ್ರ ಒಣಗುತ್ತದೆ! ಎಳೆಯ ಕುಡಿಯೋ ಮೊಗ್ಗೋ ಅರಳುವ ಮೊದಲೇ ಝಳಕ್ಕೆ ಸುಟ್ಟಂತಾಗುವುದಕ್ಕೆ ಇದನ್ನೇ ಮರಳಿ ತರಬೇಕೆಂದಿದ್ದೇನೆ. ಅಂಚು ಕಪ್ಪಾಗಿ ಗರಿಗರಿಯಾದ ಬಲಿತ ಎಲೆಗೆ ‘ಕರಟು’ ಸಾಕು.

‘ಮುರುಟು’ ಸ್ವಲ್ಪ ತೊಡಕಿನದು. ಮೆಣಸಿನ ಗಿಡದ ‘ಮುಟುರು ರೋಗ’ ಎಲ್ಲರೂ ಕೇಳಿರುವ ಹೆಸರು. ಮುರುಟು ಎಂಬುದರ ಅಕ್ಷರಗಳು ಅದಲುಬದಲಾಗಿ ಮುಟುರು ಆಗಿರಬೇಕೆಂದು ನನ್ನ ಊಹೆ. ಆದರೆ ಬೇಸಗೆಯಲ್ಲಿ ರೋಗವಿಲ್ಲದ ಟೊಮೆಟೊ ಗಿಡವೂ ಎಲೆಯ ಅಂಚುಗಳನ್ನು ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಅಂಥ ಎಲೆ ಹಸಿರಾಗಿಯೇ, ಮುಟ್ಟಿದರೆ ದಪ್ಪಗೆ ತೊಗಲಿನಂತೆ ಇರುತ್ತದೆ. ಬಿಳಿನೊಣ ಹರಡುವ ನಂಜಾಣುವಿನದಾದರೆ ಹೊಸ ಎಲೆಗಳು ಕಿರಿದಾಗಿ, ಹಳದಿಗಟ್ಟಿ, ಗಿಡವೇ ಕುಳ್ಳಾಗುತ್ತದೆ. ರೋಗಕ್ಕೆ ‘ಮುಟುರು’ ಇರಲಿ, ಬಿಸಿಲಿಗೆ ಸುತ್ತಿಕೊಳ್ಳುವುದಕ್ಕೆ ‘ಸುರುಳಿಗಟ್ಟು’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಪದ ಇದ್ದರೆ ಹೇಳಿ.

ಕರಡಿನಲ್ಲಿದ್ದ ‘ಫಲಧಾರಣೆ’ಯನ್ನು ಹೊಡೆದುಹಾಕಿ ‘ಕಾಯಿ ಕಚ್ಚುವುದು’ ಎಂದು ಮಾಡಿದ್ದೇನೆ. ಹಗಲಿನ ಬಿಸಿ 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊವಿನ ಪರಾಗ ಕೆಡುತ್ತದೆ. ಗಿಡದ ತುಂಬ ಹೂ ಬಿಟ್ಟರೂ ತೊಟ್ಟು ಹಳದಿಯಾಗಿ ಉದುರುತ್ತದೆ. ‘ಹೂ ನಿಲ್ಲುತ್ತಿಲ್ಲ, ಕಾಯಿ ಕಚ್ಚುತ್ತಿಲ್ಲ’ ಎಂದು ಬೆಳೆಯುವವರು ಹೇಳುವುದರಲ್ಲಿ ಎಲ್ಲವೂ ಇದೆ. ಇಲ್ಲೊಂದು ಉಪಪ್ರಶ್ನೆ. ಕುಂಬಳದ ಹೆಣ್ಣು ಹೂವಿನ ಕೆಳಗೆ, ಹೂ ಅರಳುವ ಮೊದಲೇ, ಗೋಲಿಯಷ್ಟು ಪುಟ್ಟ ಕಾಯಿ ಕಾಣುತ್ತದೆ. ಅದು ಇನ್ನೂ ಕಚ್ಚಿಲ್ಲ, ಪರಾಗ ತಲುಪದಿದ್ದರೆ ಹಳದಿಯಾಗಿ ಬೀಳುತ್ತದೆ. ಅದನ್ನು ಆಗಲೇ ‘ಹೀಚು’ ಎನ್ನಬಹುದೇ, ಅಥವಾ ಕಚ್ಚಿದ ಮೇಲಷ್ಟೇ ಹೀಚೇ? ‘ಮಿಡಿ’ ಇಲ್ಲಿ ಸಲ್ಲದು ಎಂಬುದು ನನ್ನ ಅನಿಸಿಕೆ. ಉಪ್ಪಿನಕಾಯಿಗೆ ಒದಗುವಷ್ಟಾದರೂ ಬೆಳೆದದ್ದು ಮಿಡಿ.

ಇನ್ನು ಮುಖ್ಯ ಪ್ರಶ್ನೆ. ಎಲೆಗಳನ್ನು ಜಾಸ್ತಿ ಸವರಿದ ಗಿಡದಲ್ಲಿ ಟೊಮೆಟೊ, ದಪ್ಪ ಮೆಣಸಿನಕಾಯಿಗಳ ಬಿಸಿಲಿಗೆ ಬಿದ್ದ ಮಗ್ಗುಲಿನಲ್ಲಿ ಬಿಳಿಚಿದ ಮಚ್ಚೆಯೊಂದು ಮೂಡುತ್ತದೆ. ಕೆಲವು ದಿನಗಳಲ್ಲಿ ಅದು ತಗ್ಗಾಗಿ, ಸಿಪ್ಪೆ ಕಾಗದದಂತೆ ತೆಳುವಾಗುತ್ತದೆ. ಆಮೇಲೆ ಬೂಷ್ಟು ಬಂದು ಕೂರುತ್ತದೆ. ಎಲೆ ತನ್ನ ಮೈಮೇಲಿನ ಸಣ್ಣ ರಂಧ್ರಗಳಿಂದ ಬೆವರಿ ತಂಪಾಗುತ್ತದೆ. ಟೊಮೆಟೊ ಕಾಯಿಯ ಸಿಪ್ಪೆಯಲ್ಲಿ ಆ ರಂಧ್ರಗಳೇ ಇಲ್ಲ, ಹಾಗಾಗಿ ಸುತ್ತಲಿನ ಗಾಳಿಗಿಂತ ಹೆಚ್ಚು ಕಾದು ಆ ಭಾಗ ಅಕ್ಷರಶಃ ಬೇಯುತ್ತದೆ. (ಕಾಯಿಯ ತುದಿ ಕಪ್ಪಾಗುವುದು ಇದಲ್ಲ, ಅದು ನೀರು ಏರುಪೇರಾಗಿ ಸುಣ್ಣದಂಶ ತುದಿಗೆ ತಲುಪದೆ ಆಗುವ ತೊಂದರೆ.) ಇದಕ್ಕೆ ಏನನ್ನೋಣ? ‘ಕಂದಿದೆ’ ಎನ್ನಲಾಗದು, ಬಣ್ಣ ಬಿಳಿ. ‘ಸೂರ್ಯದಾಹ’ ಎಂದರೆ ಕಾಯಿಗೆ ಬಾಯಾರಿದಂತಾಗುತ್ತದೆ. ‘ಬಿಸಿಲುಬೇವು’ ಅರ್ಥಕ್ಕೆ ಹತ್ತಿರ, ಆದರೆ ಓದುಗರು ಬೇವಿನ ಮರ ಹುಡುಕುತ್ತಾರೆ. ‘ಬೊಕ್ಕೆ’ ಉಬ್ಬಿರಬೇಕು, ಇದು ತಗ್ಗಿರುತ್ತದೆ. ಬಿಸಿಲುಗುದುರೆಯ ಜಾಡಿನಲ್ಲಿ ‘ಬಿಸಿಲುಗಲೆ’ ಎಂದು ಕಟ್ಟಿ ನೋಡಿದೆ, ನಾಲಿಗೆಗೆ ಸಲೀಸು. ಆದರೆ ಕಲೆ ಎಂದರೆ ಒರೆಸಿದರೆ ಹೋಗುವಂಥದ್ದು ಎಂಬ ಭಾವ ಬರುತ್ತದೆ, ಇಲ್ಲಿ ಸಿಪ್ಪೆಯ ಕೆಳಗಿನ ತಿರುಳೂ ಸತ್ತಿರುತ್ತದೆ.

ಬೆಳೆಯುವವರ ಬಾಯಲ್ಲಿ ಈಗಾಗಲೇ ಇರುವ ಮಾತು ಸಿಕ್ಕರೆ ನನ್ನ ಬಿಸಿಲುಗಲೆಯನ್ನು ಸಂತೋಷದಿಂದ ಕೈಬಿಡುತ್ತೇನೆ. ಕೇಳಿದ್ದರೆ ಯಾವ ಕಾಯಿಗೆ, ಯಾವ ಸೀಮೆಯಲ್ಲಿ ಎಂಬುದನ್ನೂ ಸೇರಿಸಿ ಬರೆಯಿರಿ. ಹೊಸದಾಗಿ ಕಟ್ಟಿದ ಪದಗಳನ್ನು ದಯವಿಟ್ಟು ‘ಹೊಸದು’ ಎಂದು ಗುರುತಿಸಿ.