ಮೂರೂವರೆ ವರ್ಷದ ಆಟಿಸಂ ಮಗುವಿಗೆ ಮನೆಯಲ್ಲಿ ಆಡಿಸುತ್ತ ಕಲಿಸಿದವರು ತಮ್ಮ ಅನುಭವ ತಿಳಿಸಬೇಕು

ಹುಬ್ಬಳ್ಳಿಯ ತಂದೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಆಟಿಸಂ ಇದೆಯೆಂದು ಎರಡು ತಿಂಗಳ ಹಿಂದೆ ತಿಳಿಯಿತು. ವಾರಕ್ಕೆ ಎರಡು ದಿನ ಸ್ಪೀಚ್ ಥೆರಪಿಗೆ ಕರೆದೊಯ್ಯುತ್ತೇವೆ. ಉಳಿದ ಐದು ದಿನ ಮನೆಯಲ್ಲಿ ಅವನನ್ನು ಹೇಗೆ ಆಡಿಸಬೇಕು, ಆಡಿಸುತ್ತ ಏನು ಕಲಿಸಬೇಕು ಎಂಬುದು ತಿಳಿಯುತ್ತಿಲ್ಲ. ಗೋಕುಲ ರಸ್ತೆಯಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ ನಮ್ಮದು, ಹಿತ್ತಲಿಲ್ಲ. ಡಬ್ಬಿಯ ಮುಚ್ಚಳಗಳನ್ನು ಸಾಲಾಗಿ ಜೋಡಿಸುವುದೊಂದೇ ಅವನ ಆಟ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಒಳಗಿನ ಕೋಣೆಗೆ ಓಡುತ್ತಾನೆ. ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಶಕ್ತಿ ನಮಗಿಲ್ಲ.

ಬೆಟಗೇರಿಯ ತಾಯಿ:
ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಅವಳ ನಾಲ್ಕನೆಯ ವರ್ಷದಲ್ಲಿ ನಾವು ಕಳೆದುಕೊಂಡ ಹಣದ ಲೆಕ್ಕವನ್ನೇ ಮೊದಲು ಕೊಡುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿದ ಬಟ್ಟೆಯ ಥೆರಪಿ ಜೋಕಾಲಿಗೆ 3,200 ರೂಪಾಯಿ, ಸ್ಲ್ಯಾಬಿಗೆ ಕೊಂಡಿ ಹಾಕಿಸಲು 600, ಮೂರನೆಯ ವಾರ ಕೊಂಡಿ ಸಡಿಲಾಗಿ ಗಿಲಾವು ಉದುರಿದ್ದಕ್ಕೆ ಗೌಂಡಿಗೆ 1,850, ಜಿಗಿಯುವ ಟ್ರ್ಯಾಂಪೊಲಿನ್‌ಗೆ 4,800, ಮುಳ್ಳುಮುಳ್ಳಾದ ರಬ್ಬರ್ ಚೆಂಡುಗಳಿಗೆ 1,150, ಹೀಗೆ ಒಟ್ಟು 11,600 ರೂಪಾಯಿ. ಟ್ರ್ಯಾಂಪೊಲಿನ್ ಮೇಲೆ ಅವಳು ಒಂದು ದಿನವೂ ಕಾಲಿಡಲಿಲ್ಲ, ಅರ್ಧ ಬೆಲೆಗೂ ಅದನ್ನು ಯಾರೂ ಕೊಳ್ಳಲಿಲ್ಲ. ಆ ಹಣ ಹೊಂದಿಸಲು ನನ್ನ ಯಜಮಾನರು ಎರಡು ತಿಂಗಳು ರಾತ್ರಿ ಪಾಳಿ ಮಾಡಿದ್ದು ನನಗೆ ಇಂದಿಗೂ ಮರೆತಿಲ್ಲ.

ಆ ವರ್ಷ ಪಂಚಮಿಗೆ ತವರಿಗೆ ಹೋದಾಗ ನಮ್ಮ ಅಣ್ಣ ತೊಲೆಗೆ ನೂಲಿನ ಹಗ್ಗದ ಜೋಕಾಲಿ ಕಟ್ಟಿದ. ಎಂದೂ ಯಾರ ಹತ್ತಿರವೂ ಸುಳಿಯದ ಮಗಳು ತಾನಾಗಿ ಬಂದು ಅದರಲ್ಲಿ ಕುಳಿತಳು. ಐದು ಸಲ ಮೆಲ್ಲಗೆ ತೂಗಿ, ಹಗ್ಗ ಹಿಡಿದು ನಿಲ್ಲಿಸಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತ ಅವಳ ಮುಖ ನೋಡುತ್ತಿದ್ದೆ. ಮೊದಲ ತಿಂಗಳು ಅವಳು ಹಗ್ಗ ಅಲುಗಿಸಿದರೂ ಸಾಕೆಂದು ಮತ್ತೆ ತೂಗಿದೆ. ಅನಂತರ ನನ್ನ ಕಡೆ ತಿರುಗಿ ನೋಡಿದರೆ ಮಾತ್ರ ತೂಗಿದೆ. ಪಂಚಮಿಗೆ ಶುರುವಾದ ಈ ಆಟದಲ್ಲಿ ಸಂಕ್ರಾಂತಿಯ ಹೊತ್ತಿಗೆ 'ಜೀಕು' ಎಂಬ ಮಾತು ಬಂತು. ಹಗ್ಗವನ್ನು ಹೊಸೆದು ಗರಗರ ತಿರುಗಿಸಬೇಡಿರಿ. ಹಿಂದೆ ಮುಂದೆ ತೂಗುವುದು ಮಗುವನ್ನು ಶಾಂತಗೊಳಿಸಿದರೆ ಸುತ್ತ ತಿರುಗಿಸುವುದು ಕೆರಳಿಸುತ್ತದೆ. ಇದನ್ನು ಯಾರೂ ಹೇಳದೆ ಇದ್ದುದರಿಂದ ನನ್ನ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು.

ಧಾರವಾಡದ ತಂದೆ:
ಬೆಟಗೇರಿಯ ಅಕ್ಕನವರು ಬೇಸರ ಮಾಡಿಕೊಳ್ಳಬಾರದು. ಜೋಕಾಲಿಯಿಂದ ಮಾತು ಬಂತೆಂದು ಬರೆದರೆ ಹೊಸದಾಗಿ ಈ ದಾರಿಗೆ ಬಂದವರು ಹಗ್ಗ ಕಟ್ಟಿ ಮಾತಿಗಾಗಿ ಕಾಯುತ್ತ ಕೂಡುತ್ತಾರೆ. ನಾವು ಹಾಗೆ ಕಾಯುತ್ತ ಒಂದೂವರೆ ವರ್ಷ ಕಳೆದುಕೊಂಡೆವು. 'ಗಂಡುಹುಡುಗರು ಮಾತು ತಡಾ ಕಲಿತಾವ, ಅವರಪ್ಪನೂ ಹಂಗ ಇದ್ದ' ಎಂದು ಮನೆಯಲ್ಲಿ ಎಲ್ಲರೂ ಹೇಳಿದರು, ನಾನೂ ನಂಬಿದೆ.

ನಮ್ಮ ಮಗನಿಗೆ ದಾರಿ ತೋರಿಸಿದ್ದು ಚಿತ್ರದ ಕಾರ್ಡುಗಳು. ಅಮೆರಿಕದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಎಂಬವರು 1985ರಲ್ಲಿ ರೂಪಿಸಿದ 'ಪೆಕ್ಸ್' ಎಂಬ ಪದ್ಧತಿ ಅದು. ಮಗು ತನಗೆ ಬೇಕಾದುದರ ಚಿತ್ರವನ್ನು ಎತ್ತಿ ನಮ್ಮ ಕೈಗೆ ಕೊಟ್ಟರೆ ನಾವು ಆ ವಸ್ತುವನ್ನು ಕೂಡಲೇ ಕೊಡಬೇಕು. ಮೊದಲ ಹಂತದಲ್ಲಿ ಇಬ್ಬರು ದೊಡ್ಡವರು ಬೇಕು. ಒಬ್ಬರು ವಸ್ತು ಹಿಡಿದು ಎದುರಿಗೆ ಕುಳಿತರೆ ಇನ್ನೊಬ್ಬರು ಮಗುವಿನ ಬೆನ್ನ ಹಿಂದೆ ಕುಳಿತು, ಬಾಯಿ ಬಿಡದೆ, ಅದರ ಕೈಯನ್ನು ಚಿತ್ರದ ಕಡೆಗೆ ನಡೆಸಬೇಕು. ನಾವಿಬ್ಬರೂ ಎದುರಿಗೇ ಕುಳಿತು 'ಏನು ಬೇಕು, ಏನು ಬೇಕು' ಎಂದು ಕೇಳುತ್ತ ಏಳು ವಾರ ಹಾಳು ಮಾಡಿದೆವು, ಏಕೆಂದರೆ ನಾವು ಕೇಳುವವರೆಗೆ ಅವನು ಕೈಯೆತ್ತುತ್ತಲೇ ಇರಲಿಲ್ಲ. ಒಂದಕ್ಕೆ 25 ರೂಪಾಯಿಯಂತೆ ಲ್ಯಾಮಿನೇಷನ್ ಮಾಡಿಸಿದ 64 ಕಾರ್ಡುಗಳಿಗೆ 1,600 ರೂಪಾಯಿ ಕೊಟ್ಟೆ, ಅದರಲ್ಲಿ 19 ಕಾರ್ಡುಗಳನ್ನು ಅವನು ಅಗಿದುಹಾಕಿದ. ಆಮೇಲೆ ದಪ್ಪ ರಟ್ಟಿಗೆ ಫೋಟೊ ಅಂಟಿಸಿ ಅಗಲವಾದ ಪಾರದರ್ಶಕ ಟೇಪು ಸುತ್ತಿದೆ.

ಅವನು ತಾನಾಗಿ ಎತ್ತಿಕೊಟ್ಟ ಮೊದಲ ಕಾರ್ಡು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನದು. ಕಾರ್ಡು ಕೊಟ್ಟ ದಿನ ಬಸ್ಸು ಹತ್ತಲೇಬೇಕೆಂದು ಮಳೆಯಲ್ಲಿಯೂ ನವನಗರದವರೆಗೆ ಹೋಗಿ ಬಂದಿದ್ದೇವೆ. ಇಳಿಯಬೇಕಾದ ನಿಲ್ದಾಣದ ಚಿತ್ರವನ್ನು ಮೊದಲೇ ಅವನ ಕೈಯಲ್ಲಿಟ್ಟರೆ ಇಳಿಯುವಾಗ ಅಳುವುದು ತಪ್ಪುತ್ತಿತ್ತು. ಕಾರ್ಡು ಕೊಟ್ಟರೆ ಮಕ್ಕಳು ಮಾತು ಕಲಿಯುವುದಿಲ್ಲವೆಂದು ಹೆದರಿಸುವವರ ಮಾತನ್ನು ದಯವಿಟ್ಟು ಕೇಳಬೇಡಿರಿ.

ಬೆಟಗೇರಿಯ ತಾಯಿ:
ಸರ್, ಜೋಕಾಲಿ ಮಾತು ತಂದಿತೆಂದು ನಾನು ಬರೆದಿಲ್ಲ. ತೂಗುವುದನ್ನು ನಿಲ್ಲಿಸಿ ಕಾಯ್ದದ್ದು ಮಾತು ತಂದಿತೆಂದು ಬರೆದಿದ್ದೇನೆ. ಇನ್ನೊಂದು ಮಾತು. ಬೆನ್ನ ಹಿಂದೆ ಕೂಡಲು ಇನ್ನೊಬ್ಬರು ನಿಮ್ಮ ಮನೆಯಲ್ಲಿದ್ದರು. ಯಜಮಾನರು ಪಾಳಿಗೆ ಹೋದ ಮೇಲೆ ನಾನು ಮಗುವಿನೊಂದಿಗೆ ಒಬ್ಬಳೇ ಇರುತ್ತಿದ್ದೆ. ಆ ಎರಡನೆಯವರನ್ನು ನಾನು ಎಲ್ಲಿಂದ ತರಬೇಕಿತ್ತು?

ಹಾವೇರಿಯ ಅಜ್ಜಿ:
ನಾನು 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಈಗ ಮೊಮ್ಮಗನನ್ನು ನೋಡಿಕೊಳ್ಳುತ್ತೇನೆ. ಮಗುವನ್ನು ಕೂಡ್ರಿಸಿ ಕಾರ್ಡು ಕೊಡಿಸುವುದು ಆಟವೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ಹುಡುಗನನ್ನೂ ಒಂದು ಕೇಂದ್ರದಲ್ಲಿ ಹಾಗೆಯೇ ಕುರ್ಚಿಗೆ ಒತ್ತಿ ಕೂಡ್ರಿಸುತ್ತಿದ್ದರು. ತಿಂಗಳಿಗೆ 6,000 ರೂಪಾಯಿ ಕೊಟ್ಟು ಅವನ ಅಳು ಕೇಳುತ್ತ ಹೊರಗೆ ಕುಳಿತು ಬಂದಿದ್ದೇನೆ. ಐದನೆಯ ತಿಂಗಳು ಬಿಡಿಸಿದೆ. ಬಿಡಿಸಿದ್ದಕ್ಕೆ ನನ್ನ ಮಗ ನನ್ನೊಂದಿಗೆ ಎಂಟು ದಿನ ಮಾತು ಬಿಟ್ಟಿದ್ದ.

ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂತು. ಎತ್ತು ಮಾಡಲು ಕೆರೆಯ ಎರೆಮಣ್ಣು ತಂದಿದ್ದೆವು. ಹಸಿಯಾದ ಯಾವುದನ್ನೂ ಮುಟ್ಟದ ಹುಡುಗ ನನ್ನ ಕೈ ನೋಡುತ್ತ ಮಾರು ದೂರದಲ್ಲಿ ನಿಂತ. ಅಂದೇ ನಾನು ಕೈಹಿಡಿದು ಮುಟ್ಟಿಸಿದ್ದರೆ ಅವನು ಮತ್ತೆಂದೂ ಹತ್ತಿರ ಬರುತ್ತಿರಲಿಲ್ಲ. ಮೊದಲು ಒಣಮಣ್ಣನ್ನು ಪರಾತದಲ್ಲಿ ಹಾಕಿ ಕಡ್ಡಿಯಿಂದ ಗೆರೆ ಎಳೆಯಲು ಬಿಟ್ಟೆ. ಆಮೇಲೆ ಹಸಿಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲಿನಿಂದ ಒತ್ತಿಸಿದೆ. ಪಕ್ಕದಲ್ಲಿ ಒಂದು ಚರಿಗೆ ನೀರು ಮತ್ತು ಒಣ ಬಟ್ಟೆ ಇಟ್ಟು, ಕೈ ಕೂಡಲೇ ತೊಳೆದುಕೊಳ್ಳಬಹುದೆಂಬುದನ್ನು ದಿನಾಲು ತೋರಿಸಿದೆ. ಒಂದು ಬೆರಳಿನಿಂದ ಮಣ್ಣು ಮುಟ್ಟಲು ಅವನಿಗೆ ಹನ್ನೊಂದು ವಾರ ಬೇಕಾಯಿತು. ಮುಂದಿನ ವರ್ಷದ ಎತ್ತಿಗೆ ಕೋಡು ಇಟ್ಟವನು ಅವನೇ. ಈ ನಡುವೆ ನನ್ನಿಂದಲೂ ಒಂದು ತಪ್ಪು ನಡೆಯಿತು. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವಾಗ ಬೆರಳಿಗೆ ಕೆಲಸವಾಗಲೆಂದು ಅವನನ್ನೂ ಕೂಡ್ರಿಸಿಕೊಂಡೆ. ಅದೇ ಕೈಯಿಂದ ಕಣ್ಣುಜ್ಜಿಕೊಂಡು ಅವನು ಚೀರಿದ ಮೇಲೆ ಒಂದು ತಿಂಗಳು ಅಡಿಗೆಮನೆಗೆ ಬರಲಿಲ್ಲ. ಮಣ್ಣು ಬೇಡವೆನ್ನುವವರು ಹುಣಸೆಬೀಜ, ಜೋಳ, ಅಲಸಂದಿ ಕಲೆಸಿ ಮಗುವಿನಿಂದ ಆರಿಸಬಹುದು, ಜೋಳದ ಹಿಟ್ಟು ನಾದಿಸಬಹುದು.

ಲಕ್ಷ್ಮೇಶ್ವರದ ತಾಯಿ:
ಅಜ್ಜಿಯವರೇ, ದಯವಿಟ್ಟು ಹುಣಸೆಬೀಜದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿರಿ. ಇಂಥದೇ ಸಲಹೆಯನ್ನು ನಂಬಿ ನಾನು ಬೀಜದ ತಟ್ಟೆ ಮಾಡಿಕೊಟ್ಟೆ. ಬಾಗಿಲು ಬಡಿದರೆಂದು ಎದ್ದು ಹೋಗಿ ಬರುವಷ್ಟರಲ್ಲಿ ನಾಲ್ಕು ವರ್ಷದ ಮಗ ಬೀಜವನ್ನು ಮೂಗಿಗೆ ಏರಿಸಿಕೊಂಡಿದ್ದ. ಮಾತು ಬಾರದ ಮಗು ಹೇಳಲಿಲ್ಲ. ಎರಡನೆಯ ದಿನ ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬಂದಾಗ ತಿಳಿಯಿತು. ರಾತ್ರಿ ಗಾಡಿ ಮಾಡಿಸಿಕೊಂಡು ಹುಬ್ಬಳ್ಳಿಗೆ ಓಡಿದೆವು. ಗಾಡಿಗೆ 2,300, ಬೀಜ ತೆಗೆಸಲು 4,500 ರೂಪಾಯಿ ಆಯಿತು. ನೆನೆದ ಬೀಜ ಉಬ್ಬಿ ಬಿಗಿದಿತ್ತು. ಆ ರಾತ್ರಿ ನನ್ನ ಅತ್ತೆಯವರು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಹಾವೇರಿಯ ಅಜ್ಜಿ:
ತಂಗಿ, ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಬೀಜದಾಟದಲ್ಲಿ ದೊಡ್ಡವರು ಪಕ್ಕದಿಂದ ಏಳಬಾರದೆಂಬುದು ಎಲ್ಲರಿಗೂ ಗೊತ್ತಿರುವ ಮಾತೆಂದು ನಾನು ಬರೆಯಲಿಲ್ಲ.

ಲಕ್ಷ್ಮೇಶ್ವರದ ತಾಯಿ:
ಎಲ್ಲರಿಗೂ ಗೊತ್ತಿದ್ದರೆ ನನಗೆ ಹಾಗೇಕೆ ಆಗುತ್ತಿತ್ತು? ಎರಡು ಮಕ್ಕಳನ್ನು ಸಾಕುತ್ತ ಮನೆಗೆಲಸವನ್ನೂ ಮಾಡುವವರು ಏಳದೆ ಕೂಡುವುದು ಸಾಧ್ಯವಿಲ್ಲ. ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿಗೆ ಅದರ ಮುಷ್ಟಿಗಿಂತ ದೊಡ್ಡ ವಸ್ತುಗಳೇ ಆಗಬೇಕು. ನಾನು ಈಗ ಕೊಡುವುದು ಉಳ್ಳಾಗಡ್ಡಿ, ಆಲೂಗಡ್ಡಿ ಮತ್ತು ಎರಡು ಬುಟ್ಟಿಗಳನ್ನು ಮಾತ್ರ.

ರಾಣೆಬೆನ್ನೂರಿನ ತಂದೆ:
ಹಿಟ್ಟು ನಾದಿಸುವುದಾದರೆ ಜೋಳದ ಹಿಟ್ಟನ್ನೇ ನಾದಿಸಿರಿ, ಗೋಧಿಯನ್ನು ಮುಟ್ಟಿಸಲೇಬೇಡಿರಿ. ನಾವು ಗೋಧಿ ಮತ್ತು ಹಾಲು ಬಿಡಿಸಿ ಹತ್ತು ತಿಂಗಳಾಯಿತು, ಮಗ ಬಹಳ ಶಾಂತನಾಗಿದ್ದಾನೆ.

ಧಾರವಾಡದ ತಂದೆ:
ಗೋಧಿ ಬಿಟ್ಟರೆ ಆಟಿಸಂ ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ, ಸರ್. ನಮ್ಮ ಮಗ ತಿನ್ನುತ್ತಿದ್ದುದೇ ನಾಲ್ಕು ಪದಾರ್ಥ. ಇಂಥ ಮಾತು ಕೇಳಿ ಚಪಾತಿ, ಹಾಲು ಎರಡನ್ನೂ ಬಿಡಿಸಿದಾಗ ಮೂರು ತಿಂಗಳಲ್ಲಿ ಎರಡು ಕಿಲೊ ಇಳಿದ. ಆ ಫೋಟೊಗಳನ್ನು ಈಗಲೂ ನನ್ನಿಂದ ನೋಡಲಾಗುವುದಿಲ್ಲ. ಆಟಕ್ಕೂ ಜೋಳದ ಹಿಟ್ಟು ಒಗ್ಗುವುದಿಲ್ಲ. ಅದರಲ್ಲಿ ಜಿಗುಟಿಲ್ಲದ ಕಾರಣ ಎಳೆದರೆ ಹರಿದುಹೋಗುತ್ತದೆ. ಎಳೆಯುವ, ಹೊಸೆಯುವ ಆಟಕ್ಕೆ ಗೋಧಿಯ ಕಣಕವೇ ಬೇಕು.

ರಾಣೆಬೆನ್ನೂರಿನ ತಂದೆ:
ನನ್ನ ಮಗನನ್ನು ನೋಡದೆ ನೀವು ಆಧಾರದ ಮಾತಾಡುವುದು ಸರಿಯಲ್ಲ. ಅದೇ ಹತ್ತು ತಿಂಗಳಲ್ಲಿ ನಾನು ಸಂಜೆಯ ಅಂಗಡಿ ಬಿಟ್ಟು ದಿನಾಲು ಒಂದು ತಾಸು ಅವನನ್ನು ಬೆನ್ನ ಮೇಲೆ ಹೊತ್ತು ಉಪ್ಪಿನಮೂಟೆ ಆಡಿಸಿದ್ದೇನೆ, ಎರಡು ಹೊದಿಕೆಯಲ್ಲಿ ಸುತ್ತಿ ಉರುಳಿಸಿದ್ದೇನೆ. ಮುಖ ಮಾತ್ರ ಯಾವಾಗಲೂ ಹೊರಗಿರಬೇಕು.

ಬೆಟಗೇರಿಯ ತಾಯಿ:
ಹಾಗಾದರೆ ಆ ಒಂದು ತಾಸಿನಿಂದಲೇ ನಿಮ್ಮ ಮಗ ಶಾಂತನಾಗಿರಬಹುದಲ್ಲವೇ? ಗೋಧಿಗಿಂತ ಮೊದಲು ಅದನ್ನು ಬರೆಯಬೇಕಿತ್ತು.

ಹುಬ್ಬಳ್ಳಿಯ ತಂದೆ:
ಎಲ್ಲರಿಗೂ ಕೃತಜ್ಞನಾಗಿದ್ದೇನೆ. ನಮ್ಮ ಮನೆಗೆ ತೊಲೆಯಿಲ್ಲ, ಸ್ಲ್ಯಾಬಿಗೆ ಕೊಂಡಿ ಹಾಕಲು ಮನೆಯ ಮಾಲೀಕರು ಒಪ್ಪುವುದಿಲ್ಲ. ಮುಚ್ಚಳದ ಬಗ್ಗೆ ಮತ್ತು ಸೀಟಿಯ ಬಗ್ಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಹಾವೇರಿಯ ಅಜ್ಜಿ:
ತಮ್ಮಾ, ಮುಚ್ಚಳಗಳನ್ನು ಕಸಿದುಕೊಳ್ಳಬೇಡ. ನೀನೂ ಪಕ್ಕದಲ್ಲಿ ಕುಳಿತು ಅವನಂತೆಯೇ ಒಂದು ಸಾಲು ಮಾಡು. ನಾಲ್ಕು ದಿನ ಅವನ ಸಾಲನ್ನು ಮುಟ್ಟಲೇಬೇಡ. ಐದನೆಯ ದಿನ ಮುಚ್ಚಳಗಳೆಲ್ಲ ನಿನ್ನ ಮಡಿಲಲ್ಲಿರಲಿ, ಅವನು ಕೈ ಚಾಚಿದಾಗ ಒಂದೊಂದೇ ಕೊಡು. ನಮ್ಮವನು ನನ್ನ ಕಡೆ ಮೊದಲು ನೋಡಿದ್ದು ಹಾಗೆಯೇ, ಏಳನೆಯ ಮುಚ್ಚಳಕ್ಕಾಗಿ. ಸೀಟಿಯ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ತೀರಾ ಸಣ್ಣ ದನಿಯಲ್ಲಿ, ಅವನೇ ಬೆರಳಿನಿಂದ ಒತ್ತಿ ಕೇಳುವಂತೆ ಮಾಡಬಹುದು. ಒತ್ತಲು ಒಲ್ಲೆ ಎಂದರೆ ಅಂದಿಗೆ ಬಿಟ್ಟುಬಿಡು.

ಧಾರವಾಡದ ತಂದೆ:
ಈ ಮಾತಿಗೆ ನನ್ನ ಒಪ್ಪಿಗೆಯಿದೆ. ಕುಕ್ಕರಿನ ಫೋಟೊ ಒಂದನ್ನು ಒಲೆಯ ಪಕ್ಕದ ಗೋಡೆಗೆ ಅಂಟಿಸಿ, ಕುಕ್ಕರ್ ಇಡುವ ಮೊದಲು ಅವನಿಗೆ ಪ್ರತಿ ಸಲ ತೋರಿಸಿರಿ. ನಮ್ಮ ಮಗ ಫೋಟೊ ನೋಡಿದ ಕೂಡಲೇ ತಾನೇ ಹೋಗಿ ಬಾಗಿಲು ಹಾಕಿಕೊಂಡು ಬರಲು ಕಲಿತ. ಅದಾದ ಮೇಲೆ ಸೀಟಿಗೆ ಓಡುವುದು ನಿಂತಿತು. ಸ್ಪೀಚ್ ಥೆರಪಿಯ ಬಿಲ್ಲುಗಳನ್ನು ಎಸೆಯಬೇಡಿರಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಎಂಬ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ. ಅದಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು. ನಾನು ಅದನ್ನು ಮಾಡಿಸಲು ನಾಚಿಕೊಂಡು ಮೂರು ವರ್ಷದ ಬಿಲ್ಲುಗಳನ್ನು ಕೈಯಿಂದ ಕಟ್ಟಿದೆ.

ಲಕ್ಷ್ಮೇಶ್ವರದ ತಾಯಿ:
ಮುಚ್ಚಳಗಳಲ್ಲಿ ಔಷಧಿ ಬಾಟಲಿಯವು, ನೀರಿನ ಬಾಟಲಿಯವು ಇದ್ದರೆ ಇಂದೇ ತೆಗೆದಿಡಿರಿ. ದೊಡ್ಡ ಡಬ್ಬಿಯವು ಮಾತ್ರ ಇರಲಿ.