‘ಸಚಿವ’ ಎನ್ನಬೇಕೋ, ‘ಕಾರ್ಯದರ್ಶಿ’ ಎನ್ನಬೇಕೋ?

ಅಮೆರಿಕದ ರಾಜ್ಯ ಸರ್ಕಾರವೊಂದರ ಸಂಪುಟದಲ್ಲಿದ್ದವರ ಪರಿಚಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹುದ್ದೆಯ ಹೆಸರಿಗೇ ಲೇಖನಿ ನಿಂತುಬಿಟ್ಟಿದೆ. ಪೆನ್ಸಿಲ್ವೇನಿಯಾದ ರೇಚಲ್ ಲೆವಿನ್ ವೃತ್ತಿಯಿಂದ ಮಕ್ಕಳ ವೈದ್ಯೆ. 2015ರಲ್ಲಿ ಆ ರಾಜ್ಯದ ‘ಫಿಸಿಷಿಯನ್ ಜನರಲ್’ (ಸರ್ಕಾರಕ್ಕೆ ವೈದ್ಯಕೀಯ ಸಲಹೆ ಕೊಡುವ ಹುದ್ದೆ) ಆದರು, ಆಮೇಲೆ ‘ಸೆಕ್ರೆಟರಿ ಆಫ್ ಹೆಲ್ತ್’. 2021ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ಒಕ್ಕೂಟ ಸರ್ಕಾರದ ಆರೋಗ್ಯ ಇಲಾಖೆಯಲ್ಲಿ ‘ಅಸಿಸ್ಟೆಂಟ್ ಸೆಕ್ರೆಟರಿ’. ಇವರನ್ನು ಆರೋಗ್ಯ ಸಚಿವೆ ಎನ್ನಲೇ, ಆರೋಗ್ಯ ಇಲಾಖೆಯ ಕಾರ್ಯದರ್ಶಿ ಎನ್ನಲೇ?

ಮೊದಲು ಇದು ಬರೀ ನಿಘಂಟಿನ ಪ್ರಶ್ನೆ ಅನ್ನಿಸಿತ್ತು. ಆದರೆ ನಮ್ಮಲ್ಲಿ ಆ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದಾರೆ. ಸಂವಿಧಾನದ 164ನೇ ವಿಧಿಯ ಪ್ರಕಾರ ಸಚಿವರಾದವರು ಆರು ತಿಂಗಳೊಳಗೆ ವಿಧಾನಸಭೆಗೋ ಪರಿಷತ್ತಿಗೋ ಸದಸ್ಯರಾಗಿ ಬರಲೇಬೇಕು. ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ. 224 ಸದಸ್ಯರ ನಮ್ಮ ಸಭೆಗೆ ಶೇ 15ರ ಮಿತಿ ಇರುವುದರಿಂದ ಮುಖ್ಯಮಂತ್ರಿಯೂ ಸೇರಿ 34 ಜನರಿಗಷ್ಟೇ ಅವಕಾಶ. ಖಾತೆ ಅವರದು, ಸದನದಲ್ಲಿ ಉತ್ತರ ಕೊಡಬೇಕಾದವರೂ ಅವರೇ. ಆದರೆ ಸರ್ಕಾರಿ ಆದೇಶದ ಕೊನೆಯಲ್ಲಿ ಅವರ ಸಹಿ ಹುಡುಕಿದರೆ ಸಿಗುವುದಿಲ್ಲ. ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲಿನ ಕೆಳಗೆ ಇರುವುದು ಸಾಮಾನ್ಯವಾಗಿ ಒಬ್ಬ ಅಧೀನ ಕಾರ್ಯದರ್ಶಿಯ ಸಹಿ. ಇಲಾಖೆಯ ತುದಿಯಲ್ಲಿ ಕೂತ ಕಾರ್ಯದರ್ಶಿ, ಪ್ರಧಾನ ಕಾರ್ಯದರ್ಶಿ ಇವರೆಲ್ಲ ಹೆಚ್ಚಾಗಿ ಐಎಎಸ್‌ನವರು. ಸರ್ಕಾರ ಬಿದ್ದರೂ ನೌಕರಿ ಬೀಳುವುದಿಲ್ಲ, ಹೆಚ್ಚೆಂದರೆ ವರ್ಗವಾಗುತ್ತದೆ.

ಲೆವಿನ್ ಈ ಎರಡರಲ್ಲಿ ಯಾವುದೂ ಅಲ್ಲ, ಎರಡೂ ಹೌದು. ಚುನಾವಣೆ ಗೆದ್ದು ಬಂದವರಲ್ಲ. ಗವರ್ನರ್ ಹೆಸರಿಸಿದರು, ರಾಜ್ಯದ ಸೆನೆಟ್ ಒಪ್ಪಿತು. ಹಾಗೆಂದು ಕಾಯಂ ನೌಕರರೂ ಅಲ್ಲ. 2020ರಲ್ಲಿ ಕೋವಿಡ್ ಬಂದಾಗ ಆರೋಗ್ಯ ಇಲಾಖೆಯ ಆದೇಶಗಳಿಗೆ ಸಹಿ ಹಾಕಿದವರೂ ಅವರೇ, ಪತ್ರಕರ್ತರ ಮುಂದೆ ನಿಂತು ಉತ್ತರ ಕೊಟ್ಟವರೂ ಅವರೇ. ‘ಸಚಿವೆ’ ಎಂದು ಬರೆದರೆ ನಮ್ಮ ಓದುಗರು ‘ಯಾವ ಕ್ಷೇತ್ರದ ಶಾಸಕಿ?’ ಎಂದು ಕೇಳುತ್ತಾರೆ. ‘ಕಾರ್ಯದರ್ಶಿ’ ಎಂದರೆ ಅಧಿಕಾರಿ ಎಂದುಕೊಳ್ಳುತ್ತಾರೆ.

ಬೇರೆ ಪದಗಳನ್ನು ತಡಕಿದರೆ ಎಲ್ಲ ಕುರ್ಚಿಯ ಮೇಲೂ ಆಗಲೇ ಯಾರೋ ಟವೆಲ್ ಹಾಕಿದ್ದಾರೆ. ‘ಸಂಪುಟ ಕಾರ್ಯದರ್ಶಿ’ ಎಂದರೆ ದೆಹಲಿಯ ಅತಿ ಹಿರಿಯ ಅಧಿಕಾರಿ. ‘ಇಲಾಖಾ ಮುಖ್ಯಸ್ಥ’ ಎಂದರೆ ಕಾರ್ಯದರ್ಶಿಗಿಂತ ಕೆಳಗಿನ ಆಯುಕ್ತರೋ ನಿರ್ದೇಶಕರೋ. ‘ರಾಜ್ಯ ಸಚಿವ’ ಎಂದರಂತೂ ಸಂಪುಟ ದರ್ಜೆ ಸಿಗದ ಕಿರಿಯ ಮಂತ್ರಿ. ಗವರ್ನರನ್ನು ರಾಜ್ಯಪಾಲ ಎನ್ನದೆ ಗವರ್ನರ್ ಎಂದೇ ಉಳಿಸಿಕೊಂಡ ಹಾಗೆ (ಅದು ಸರಿಯಾದದ್ದೇ, ಅಲ್ಲಿನ ಗವರ್ನರ್ ಜನರಿಂದ ಆಯ್ಕೆಯಾದವರು) ‘ಸೆಕ್ರೆಟರಿ’ಯನ್ನೂ ಉಳಿಸೋಣ ಎಂದರೆ, ಆ ಪದವನ್ನು ನಮ್ಮ ಹಾಲಿನ ಡೇರಿಗಳೂ ಸಹಕಾರ ಸಂಘಗಳೂ ಎಂದೋ ತಮ್ಮದಾಗಿಸಿಕೊಂಡಿವೆ.

ಹಿಂದಿ ಬಲ್ಲವರು ಇನ್ನೊಂದು ಬಗೆಯಲ್ಲಿ ಎಡವುತ್ತಾರೆ. ಅಲ್ಲಿ ‘ಸಚಿವ’ ಎಂದರೇ ಕಾರ್ಯದರ್ಶಿ, ‘ಮುಖ್ಯ ಸಚಿವ’ ಎಂದರೆ ಮುಖ್ಯ ಕಾರ್ಯದರ್ಶಿ, ಮರಾಠಿಯಲ್ಲೂ ಹಾಗೆಯೇ. ಮೂಲ ಸಂಸ್ಕೃತದಲ್ಲಿ ಸಚಿವನೆಂದರೆ ಜೊತೆಗಿರುವವನು. ಅವರು ಅದನ್ನು ಅಧಿಕಾರಿಗೆ ಕೊಟ್ಟರು, ನಾವು ಮಂತ್ರಿಗೆ ಕೊಟ್ಟೆವು. ಆದರೆ ‘ಸಚಿವಾಲಯ’ದಲ್ಲಿ ನಾವೂ ಗೊಂದಲದಲ್ಲೇ ಇದ್ದೇವೆ. ಕೇಂದ್ರದ ಗೃಹ ಸಚಿವಾಲಯ ಎಂದರೆ ಮಂತ್ರಿಯ ಖಾತೆ, ಕರ್ನಾಟಕ ಸರ್ಕಾರದ ಸಚಿವಾಲಯ ಎಂದರೆ ಕಾರ್ಯದರ್ಶಿಗಳ ಕಚೇರಿ.

ಹಳಗಾಲದಲ್ಲಿ ಇಂಥ ಪೇಚಿರಲಿಲ್ಲ. ವಿಷ್ಣುವರ್ಧನನ ಗಂಗರಾಜ ಮಂತ್ರಿಯೂ ಹೌದು, ದಂಡನಾಯಕನೂ ಹೌದು. ಶಾಸನಗಳು ಬಿರುದನ್ನೆಲ್ಲ ಸಾಲಾಗಿ ಪೋಣಿಸಿ ಸುಮ್ಮನಾಗುತ್ತವೆ. ‘ಅಮಾತ್ಯ’ವನ್ನು ಎಬ್ಬಿಸಿ ತರೋಣವೆಂದರೆ ಪೆನ್ಸಿಲ್ವೇನಿಯಾದ ಅಮಾತ್ಯೆ ಯಕ್ಷಗಾನದ ಪಾತ್ರದಂತೆ ಕೇಳಿಸುತ್ತಾರೆ.

ನನ್ನ ಒಲವು ‘ಸಚಿವ’ದ ಕಡೆಗೇ. ನೀತಿ ಯಾರದು, ತಪ್ಪಾದರೆ ಕುರ್ಚಿ ಯಾರದು ಹೋಗುತ್ತದೆ ಎಂದು ನೋಡಿದರೆ ಆ ಹುದ್ದೆ ನಮ್ಮ ಮಂತ್ರಿಗೇ ಹತ್ತಿರ. ಮೊದಲ ಸಲ ಬಂದಾಗ ‘ಗವರ್ನರ್ ನೇಮಿಸಿದ ಆರೋಗ್ಯ ಸಚಿವೆ’ ಎಂದು ಬಿಡಿಸಿ ಬರೆದರೆ ಶಾಸಕಿಯೆಂಬ ಭ್ರಮೆಯೂ ತಪ್ಪುತ್ತದೆ.

ಆದರೆ ಎರಡು ಕಡೆ ಇದೂ ಕೈಕೊಡುತ್ತದೆ. ಒಂದು, ಅಲ್ಲಿನ ರಾಜ್ಯಗಳ ‘ಸೆಕ್ರೆಟರಿ ಆಫ್ ಸ್ಟೇಟ್’. ಒಕ್ಕೂಟ ಸರ್ಕಾರದಲ್ಲಿ ಇದೇ ಹೆಸರಿನವರು ವಿದೇಶಾಂಗ ಸಚಿವರು. ರಾಜ್ಯಗಳಲ್ಲಿ ಹೆಚ್ಚಾಗಿ ಚುನಾವಣೆ ಮತ್ತು ದಾಖಲೆಗಳನ್ನು ನೋಡಿಕೊಳ್ಳುವವರು. ಜಾರ್ಜಿಯಾದಲ್ಲಿ ಅವರನ್ನು ಜನರೇ ಆರಿಸುತ್ತಾರೆ, ಟೆಕ್ಸಸ್‌ನಲ್ಲಿ ಗವರ್ನರ್ ನೇಮಿಸುತ್ತಾರೆ. ಜಾರ್ಜಿಯಾಕ್ಕೆ ಒಬ್ಬ ವಿದೇಶಾಂಗ ಸಚಿವನನ್ನು ಕೊಡುವ ಹಾಗಿಲ್ಲವಲ್ಲ. ‘ಚುನಾವಣಾ ಸಚಿವ’ ಎಂದರೆ ಹೇಗೆ? ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಇನ್ನೊಂದು, ಲೆವಿನ್ ಆಮೇಲೆ ಹಿಡಿದ ಹುದ್ದೆ. ‘ಸಹಾಯಕ ಕಾರ್ಯದರ್ಶಿ’ ಎಂದರೆ ರಾಜ್ಯದ ಸಚಿವೆ ಹಿಂಬಡ್ತಿ ಪಡೆದು ಗುಮಾಸ್ತರ ಸಾಲಿಗೆ ಬಂದರೇನೋ ಎಂಬಂತಿದೆ. ‘ಸಹಾಯಕ ಸಚಿವೆ’ ಎಂದರೆ ಮತ್ತೆ ಮಂತ್ರಿಮಂಡಲದ ವಾಸನೆ, ಆದರೆ ಅವರು ಅಲ್ಲಿನ ಸಂಪುಟದಲ್ಲಿ ಇರಲಿಲ್ಲ. ಪತ್ರಿಕೆಗಳ ಅಂತರರಾಷ್ಟ್ರೀಯ ಪುಟದಲ್ಲಿ ದುಡಿದವರು, ಅನುವಾದದಲ್ಲಿ ಪಳಗಿದವರು ಇದಕ್ಕೆ ಏನು ಬಳಸುತ್ತೀರಿ, ತಿಳಿಸಿ.