ಮೆಕ್ಕೆಜೋಳ ಪ್ರಶ್ನೋತ್ತರ: ಯೂರಿಯಾ, ಬೂಷ್ಟು, ಎಥೆನಾಲ್, ನಡುವೆ ಒಂದಿಷ್ಟು ಜಗಳ

ಅಡ್ಮಿನ್: ಇವತ್ತು ಸಂಜೆ ಬೆಳೆ ತಜ್ಞೆ ಮೇಡಂ ಗುಂಪಿನಲ್ಲಿ ಇರುತ್ತಾರೆ. ಜಗತ್ತಿನಲ್ಲಿ ಮೆಕ್ಕೆಜೋಳ ಎತ್ತ ಹೋಗುತ್ತಿದೆ, ಮಣ್ಣು ಕೆಡಿಸದೆ ಬೆಳೆಯುವುದು ಹೇಗೆ, ಇಷ್ಟೇ ವಿಷಯ. ಕೇಳಿದ್ದನ್ನೇ ಕೇಳಬೇಡಿ. ಫಾರ್ವರ್ಡ್ ಬೇಡವೇ ಬೇಡ.

ಲೆಕ್ಕದ ಮೇಷ್ಟ್ರು: ನಮಸ್ಕಾರ ಮೇಡಂ. ಪ್ರತಿ ವರ್ಷ ದಾಖಲೆ ಬೆಳೆ ಅಂತ ಓದುತ್ತೇವೆ. ನಿಜಕ್ಕೂ ಇಳುವರಿ ಏರಿದೆಯಾ, ಇಲ್ಲ ಬರೀ ಹೊಲ ಜಾಸ್ತಿ ಆಗಿದೆಯಾ?

ಬೆಳೆ ತಜ್ಞೆ: ನಮಸ್ಕಾರ ಸರ್. ಎರಡೂ ಆಗಿದೆ. 2000ದಲ್ಲಿ ಜಗತ್ತು ಬೆಳೆದದ್ದು ಸುಮಾರು 59 ಕೋಟಿ ಟನ್. ಈಗ 120 ಕೋಟಿ ಟನ್ ಆಸುಪಾಸು. ಅಷ್ಟರಲ್ಲಿ ಹೊಲವೂ ಸುಮಾರು 13.7 ಕೋಟಿ ಹೆಕ್ಟೇರಿನಿಂದ 20 ಕೋಟಿಗೆ ಬಂದಿದೆ. ಸರಾಸರಿ ಇಳುವರಿ ಹೆಕ್ಟೇರಿಗೆ ಆರು ಟನ್ ಹತ್ತಿರ. ಆದರೆ ಈ ಸರಾಸರಿ ನಂಬಿಕೊಂಡು ಕೂರಬೇಡಿ. ಅಮೆರಿಕದಲ್ಲಿ 11 ಟನ್ ಬರುತ್ತದೆ. ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾದಲ್ಲಿ ಎರಡು ಟನ್ ಬಂದರೆ ದೊಡ್ಡದು. 1930ರ ಸುಮಾರಿಗೆ ಅಮೆರಿಕದವರಿಗೂ ಎರಡು ಟನ್ ಸಿಗುತ್ತಿರಲಿಲ್ಲ. ಹೈಬ್ರಿಡ್ ಬೀಜ, ಒತ್ತಾದ ಸಾಲು, ಗೊಬ್ಬರ, ಮೂರೂ ಸೇರಿ ಇಲ್ಲಿಗೆ ತಂದವು. ಬ್ರೆಜಿಲ್‌ನದು ಬೇರೆ ಕಥೆ. ಅವರು ಸೋಯಾ ಕೊಯ್ದ ಬೆನ್ನಿಗೇ ಅದೇ ನೆಲಕ್ಕೆ ಮೆಕ್ಕೆಜೋಳ ಹಾಕುತ್ತಾರೆ. ‘ಸಫ್ರಿನ್ಯಾ’ ಅಂತಾರೆ, ಅಂದರೆ ಪುಟ್ಟ ಬೆಳೆ. ಹೆಸರಿಗೆ ಪುಟ್ಟದು, ಅವರ ಒಟ್ಟು ಮೆಕ್ಕೆಜೋಳದಲ್ಲಿ ಮುಕ್ಕಾಲು ಪಾಲು ಈಗ ಅದೇ. 2022-23ರಲ್ಲಿ ರಫ್ತಿನಲ್ಲಿ ಅಮೆರಿಕವನ್ನೂ ಹಿಂದೆ ಹಾಕಿದರು.

ಹೊಸ ರೈತ: ಮೇಡಂ, ಎಕರೆಗೆ ಯೂರಿಯಾ ಎಷ್ಟು ಹಾಕಬೇಕು?

ಬೆಳೆ ತಜ್ಞೆ: ಮಣ್ಣು ಪರೀಕ್ಷೆ ಮಾಡಿಸದೆ ಸಂಖ್ಯೆ ಹೇಳುವುದಿಲ್ಲ. ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಗಿಡ ಮೊಣಕಾಲುದ್ದ ಬಂದ ಮೇಲಿಂದ ಸೂಲಂಗಿ, ಅಂದರೆ ತುದಿಯ ಗಂಡು ಹೂ, ಹೊರಡುವ ತನಕ ಸಾರಜನಕವನ್ನು ಜೋರಾಗಿ ಎಳೆಯುತ್ತದೆ. ಬಿತ್ತುವ ದಿನವೇ ಎಲ್ಲ ಸುರಿದರೆ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಕಂತಿನಲ್ಲಿ ಕೊಡಿ.

ಸಾವಯವ ಸಂಗಾತಿ: ಯೂರಿಯಾ ಯಾಕೆ ಬೇಕು ಮೇಡಂ? ಜಗತ್ತಿನ ಸಾರಜನಕ ಗೊಬ್ಬರದಲ್ಲಿ ಅರ್ಧಕ್ಕರ್ಧ ಬೆಳೆಗೆ ಸೇರುವುದೇ ಇಲ್ಲ ಅಂತ ನಿಮ್ಮ ವಿಜ್ಞಾನಿಗಳೇ ಹೇಳುತ್ತಾರಲ್ಲ. ಅದು ನದಿಗೆ ಹೋಗುತ್ತದೆ. ಅಮೆರಿಕದ ಮಿಸ್ಸಿಸಿಪ್ಪಿ ನದಿ ಅದನ್ನೆಲ್ಲ ಸಮುದ್ರಕ್ಕೆ ಒಯ್ದು, ಅಲ್ಲಿ ಪಾಚಿ ಬೆಳೆದು ಕೊಳೆತು, 2017ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಸುಮಾರು 22,700 ಚದರ ಕಿ.ಮೀ. ನೀರಿನಲ್ಲಿ ಮೀನಿಗೆ ಉಸಿರೇ ಇರಲಿಲ್ಲ.

ಕಪ್ಪುಮಣ್ಣು: ಶುರುವಾಯ್ತು. ಶ್ರೀಲಂಕಾದಲ್ಲಿ 2021ರಲ್ಲಿ ರಾಸಾಯನಿಕ ಗೊಬ್ಬರ ಆಮದು ನಿಲ್ಲಿಸಿದರು, ನವೆಂಬರ್ ಹೊತ್ತಿಗೆ ನಿಷೇಧ ಸಡಿಲಿಸಿದರು. ಭತ್ತದ ಇಳುವರಿ ಬಿದ್ದದ್ದು ನೆನಪಿದೆಯಾ ಅಣ್ಣ?

ಸಾವಯವ ಸಂಗಾತಿ: ಅದು ಸಾವಯವದ ಸೋಲಲ್ಲ. ರಾತ್ರೋರಾತ್ರಿ ಮಾಡಿದ ಆದೇಶದ ಸೋಲು.

ಕಪ್ಪುಮಣ್ಣು: ಹೊಟ್ಟೆಗೆ ಆದೇಶ ಯಾವುದಾದರೇನು.

ಬೆಳೆ ತಜ್ಞೆ: ಇಬ್ಬರೂ ಅರ್ಧರ್ಧ ಸರಿ. ಸೋರುವುದು ನಿಜ. ಅದರಲ್ಲಿ ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೂ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಅದು 273 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಒಂದೇ ಹಂಗಾಮಿನಲ್ಲಿ ಗೊಬ್ಬರ ಸೊನ್ನೆ ಮಾಡಿದರೆ ಬೆಳೆ ಬೀಳುತ್ತದೆ, ಅದೂ ನಿಜ. ದಾರಿ ಬೇಸರದ್ದು: ಬೇಳೆಕಾಳಿನ ಜೊತೆ ಬೆಳೆ ಬದಲಾವಣೆ, ಅಂತರ ಬೆಳೆ, ದಂಟು ಸುಡದೆ ಹೊಲದಲ್ಲೇ ಬಿಡುವುದು, ಗೊಬ್ಬರವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಸುವುದು. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಳ್ಳದ ದಂಡೆ: ಬೇರಿನಿಂದ ಅಂಟು ಸುರಿಯುವ ಮೆಕ್ಕೆಜೋಳದ ವಿಡಿಯೋ ಬಂದಿದೆ. ಗೊಬ್ಬರವೇ ಬೇಡವಂತೆ, ಗಾಳಿಯಿಂದಲೇ ಸಾರಜನಕ ತಗೊಳ್ಳುತ್ತದಂತೆ. ಸುಳ್ಳು ತಾನೆ?

ಬೆಳೆ ತಜ್ಞೆ: ಸುಳ್ಳಲ್ಲ! ಮೊದಲ ಸಲ ಚಿತ್ರ ನೋಡಿದಾಗ ನಾನೂ ನಂಬಿರಲಿಲ್ಲ. ಮೆಕ್ಸಿಕೊದ ಓಹಾಕಾ ಪ್ರಾಂತ್ಯದ ಸಿಯೆರ್ರಾ ಮಿಹೆ ಗುಡ್ಡಗಳಲ್ಲಿ ಅಲ್ಲಿನ ಜನ ತಲೆತಲಾಂತರದಿಂದ ಉಳಿಸಿಕೊಂಡು ಬಂದ ತಳಿ ಅದು. ನಮಗೆ ಗೊತ್ತಿರುವ ಗಿಡದಲ್ಲಿ ನೆಲದ ಮೇಲೆ ಒಂದೆರಡು ಗೆಣ್ಣಿಗೆ ಮಾತ್ರ ಬೇರು ಬರುತ್ತದೆ ಅಲ್ವಾ? ಇದರಲ್ಲಿ ಎಂಟು ಹತ್ತು ಗೆಣ್ಣಿಗೂ ಬೆರಳಿನಂಥ ಕೆಂಪು ಬೇರು. ಮಳೆ ಬಿದ್ದರೆ ಅದರ ತುದಿಯಿಂದ ಲೋಳೆ ತೊಟ್ಟಿಕ್ಕುತ್ತದೆ. ಆ ಲೋಳೆಯಲ್ಲಿ ಸಕ್ಕರೆ ಅಂಶ ಜಾಸ್ತಿ, ಆಮ್ಲಜನಕ ಕಮ್ಮಿ. ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗೆ ಹೇಳಿ ಮಾಡಿಸಿದ ಮನೆ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಗಿಡದ ಸಾರಜನಕದಲ್ಲಿ ಶೇ. 29ರಿಂದ 82ರಷ್ಟು ಗಾಳಿಯಿಂದ ಬಂದದ್ದು. ಆದರೆ ಗಿಡ ಐದು ಮೀಟರ್ ಎತ್ತರ ಬೆಳೆಯುತ್ತದೆ, ಮಾಗಲು ಹತ್ತಿರ ಹತ್ತಿರ ಎಂಟು ತಿಂಗಳು. ಲೋಳೆ ಬರಲು ಒಳ್ಳೆ ತೇವ ಬೇಕು. ಆ ಗುಣವನ್ನು ಬೇರೆ ತಳಿಗೆ ತರುವ ಪ್ರಯತ್ನ ನಡೆದಿದೆ. ಯಾರಾದರೂ ಆ ಬೀಜ ಇದೆ ಅಂತ ಮಾರಲು ಬಂದರೆ ಮಾತ್ರ ಕೊಳ್ಳಬೇಡಿ.

ಗಟ್ಟಿ ಬೀಜ: ಇಂಗಾಲದ ಕ್ರೆಡಿಟ್ ಅಂತ ದುಡ್ಡು ಕೊಡುತ್ತಾರಂತೆ. ಉಳುಮೆ ಬಿಟ್ಟರೆ ಸಿಗುತ್ತದಾ ಮೇಡಂ?

ಮಳೆಬಿಲ್ಲು: ಯೂರಿಯಾ ಎಕರೆಗೆ ಎಷ್ಟು ಮೇಡಂ?

ಬೆಳೆ ತಜ್ಞೆ: ಮೇಲೆ ಇದೆ.

ನಾಲ್ಕು ಹಸು: ಮೇಡಂ, ನಮ್ಮದೊಂದು ಕಷ್ಟ. ತೆನೆ ತುದಿಗೆ ರೇಷ್ಮೆ ಎಳೆ ಬರುವ ಹೊತ್ತಿಗೆ ಮಳೆ ಕೈಕೊಟ್ಟಿತು. ಕೊಯ್ಲಿಗೆ ಸರಿಯಾಗಿ ಸುರಿಯಿತು. ತೆನೆ ರಾಶಿ ಹಾಕಿ ಟಾರ್ಪಾಲ್ ಹೊದಿಸಿದ್ವಿ. ಹತ್ತು ದಿನ ಬಿಟ್ಟು ತೆಗೆದರೆ ರಾಶಿಯೊಳಗೆ ಕೈ ಇಡಲಾಗದಷ್ಟು ಬಿಸಿ. ತೆನೆ ತುದಿಯಲ್ಲಿ ಹಳದಿ ಮಿಶ್ರಿತ ಹಸಿರು ಪುಡಿ. ಚೆನ್ನಾಗಿರುವುದು ಮನೆಗೆ, ಬೂಷ್ಟು ಹಿಡಿದದ್ದು ಹಸುಗಳಿಗೆ ಅಂತ ಬೇರೆ ಮಾಡಿದ್ದೇವೆ. ಸರಿ ಅಲ್ವಾ?

ಸಿಹಿಗಾಳಿ: ‘ಬೂಷ್ಟು ಜೋಳ ಬಿಸಾಡಬೇಡಿ!! ಅರಿಶಿನ, ಉಪ್ಪು ಹಾಕಿದ ನೀರಿನಲ್ಲಿ ತೊಳೆದು ಮೂರು ದಿನ ಬಿಸಿಲಿಗೆ ಹಾಕಿ, ವಿಷ ಪೂರ್ತಿ ಹೋಗುತ್ತದೆ. ಆಮೇಲೆ ಮೂಟೆಗೆ ಒಂದು ಗುಳಿಗೆ ಹಾಕಿ ಮನೆಯೊಳಗೇ ಇಡಿ, ಹುಳ ಬರಲ್ಲ. ಹತ್ತು ಜನರಿಗೆ ಕಳಿಸಿ.’

ಬೆಳೆ ತಜ್ಞೆ: ಇದನ್ನು ಈಗಲೇ ಅಳಿಸಿ. ಆ ಗುಳಿಗೆಯಿಂದ ಬರುವುದು ಫಾಸ್ಫೀನ್ ಗಾಳಿ. ಅದಕ್ಕೆ ಮದ್ದಿಲ್ಲ. ಮಲಗುವ ಮನೆಯೊಳಗೆ ಮೂಟೆ ಇಟ್ಟು ಗುಳಿಗೆ ಹಾಕಿದರೆ ಬೆಳಿಗ್ಗೆ ಏಳುವುದಿಲ್ಲ. ಯಾರಾದರೂ ಈಗಾಗಲೇ ಹಾಕಿದ್ದರೆ ಮನೆಯವರೆಲ್ಲ ಹೊರಗೆ ಬನ್ನಿ. ಮೂಟೆಗೆ ನೀರು ಹಾಕಬೇಡಿ, ಒದ್ದೆಯಾದರೆ ಗಾಳಿ ಇನ್ನೂ ಜೋರಾಗಿ ಬರುತ್ತದೆ. ತಲೆಸುತ್ತು, ವಾಂತಿ ಅನ್ನಿಸಿದರೆ ನೇರ ಆಸ್ಪತ್ರೆಗೆ.

ನಾಲ್ಕು ಹಸು ಅವರೇ, ನಿಮ್ಮದನ್ನು ಕೂತು ಬರೆಯುತ್ತೇನೆ. ಅಲ್ಲಿ ತನಕ ಹಸುಗಳಿಗೆ ಹಾಕಬೇಡಿ.

ಸಿಹಿಗಾಳಿ: ನಾನು ಬಂದದ್ದನ್ನು ಕಳಿಸಿದೆ ಅಷ್ಟೇ. ಅಷ್ಟಕ್ಕೇ ಬೈಯಬೇಕಾ?

ಬೆಳೆ ತಜ್ಞೆ: ಬರೆಯುತ್ತಿದ್ದೇನೆ, ತಡೆಯಿರಿ.

ನೀವು ಹೇಳಿದ ಹಳದಿ ಹಸಿರು ಪುಡಿ ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಬೂಷ್ಟು ಆಗಿರುವ ಸಾಧ್ಯತೆ ಜಾಸ್ತಿ. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿ ಸತ್ತವು. ಯಾಕೆ ಅಂತ ಹುಡುಕುತ್ತಾ ಹೋದವರಿಗೆ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. 2004ರಲ್ಲಿ ಕೆನ್ಯಾದಲ್ಲಿ ಮನೆಯಲ್ಲಿ ತೇವ ಇದ್ದಂತೆಯೇ ಕೂಡಿಟ್ಟ ಮೆಕ್ಕೆಜೋಳ ತಿಂದು 317 ಜನ ಕಾಯಿಲೆ ಬಿದ್ದರು, 125 ಜನ ಸತ್ತರು. ಇದು ಒಂದೇ ಸಲ ಜಾಸ್ತಿ ತಿಂದವರ ಮಾತು. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಪಿತ್ತಜನಕಾಂಗದ ಕ್ಯಾನ್ಸರ್.

ಬೂಷ್ಟು ಒರೆಸಿದರೆ ಹೋಗುತ್ತದೆ, ವಿಷ ಹೋಗುವುದಿಲ್ಲ. ಬೇಯಿಸಿದರೂ ಹುರಿದರೂ ಉಳಿಯುತ್ತದೆ. ಅರಿಶಿನಕ್ಕೆ ಬಗ್ಗುವುದಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣುವ ಕಾಳಿನಲ್ಲೂ ಇರಬಹುದು. ಹಸುಗೆ ಹಾಕಿದರೆ ಏನಾಗುತ್ತದೆ ಗೊತ್ತಾ? ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಅಂದರೆ ಹಸುಗೆ ಅಂತ ಬೇರೆ ಇಟ್ಟದ್ದು ತಿರುಗಿ ಮಕ್ಕಳ ಲೋಟಕ್ಕೇ ಬರುತ್ತದೆ. 2012ರ ಬರದಲ್ಲಿ ಸರ್ಬಿಯಾದ ಮೆಕ್ಕೆಜೋಳಕ್ಕೆ ಹೀಗೇ ಹಿಡಿದಿತ್ತು. ಮರುವರ್ಷ ಹಾಲಿನಲ್ಲಿ ಸಿಕ್ಕಿ ದೊಡ್ಡ ಗಲಾಟೆಯಾಯಿತು. ಮೊದಲು ಬಿಸಿ ದೇಶಗಳ ಕಾಯಿಲೆ ಅನ್ನುತ್ತಿದ್ದರು. ಈಗ ಬಿಸಿಲು ಏರಿದ ಹಾಗೆ ಯುರೋಪಿಗೂ ಹತ್ತಿದೆ. ದಾಖಲೆ ಬೆಳೆಯ ಸುದ್ದಿಯಲ್ಲಿ ಟನ್ ಎಷ್ಟು ಅಂತ ಇರುತ್ತದೆ, ಅದರಲ್ಲಿ ತಿನ್ನಲು ಆಗುವುದೆಷ್ಟು ಅಂತ ಇರುವುದಿಲ್ಲ. ನನಗೆ ಕಿರಿಕಿರಿ ಆಗುವುದು ಅಲ್ಲೇ.

ನಿಮ್ಮಲ್ಲಿ ಇದು ಹುಟ್ಟಿದ್ದು ಹೊಲದಲ್ಲೇ, ರಾಶಿಯಲ್ಲಿ ಬರೀ ಬೆಳೆಯಿತು. ರೇಷ್ಮೆ ಎಳೆ ಬರುವಾಗ ಗಿಡ ಬಾಯಾರಿದರೆ ಬೂಷ್ಟು ಆ ಎಳೆ ಹಿಡಿದೇ ಒಳಗೆ ಇಳಿಯುತ್ತದೆ. ಹುಳ ಕೊರೆದ ತೂತು ಇನ್ನೊಂದು ಬಾಗಿಲು. ಟಾರ್ಪಾಲ್ ಒಳಗಿನ ಬಿಸಿ, ಬೆವರು ಉಳಿದ ಕೆಲಸ ಮಾಡಿತು.

ಈಗ ಮಾಡಬೇಕಾದ್ದು: ಬೂಷ್ಟು ಹಿಡಿದ ತೆನೆ ಯಾವ ಪ್ರಾಣಿಗೂ ಬೇಡ. ಮೂಗಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಿರಿ, ಆಳವಾಗಿ ಹೂಳಿ. ಉಳಿದದ್ದನ್ನು ತೆಳುವಾಗಿ ಹರವಿ ಒಣಗಿಸಿ, ಒಡೆದ, ಸುಕ್ಕಿದ, ಬಣ್ಣಗೆಟ್ಟ, ಹಗುರ ಕಾಳು ಕೈಯಿಂದ ಆರಿಸಿ. ವಿಷ ಎಲ್ಲ ಕಾಳಿನಲ್ಲೂ ಸಮ ಇರುವುದಿಲ್ಲ, ಕೆಲವೇ ಕಾಳಿನಲ್ಲಿ ಗುಡ್ಡೆಯಾಗಿರುತ್ತದೆ. ಆರಿಸಿದರೆ ಬಹಳ ಕಮ್ಮಿ ಆಗುತ್ತದೆ, ಸೊನ್ನೆ ಆಗುವುದಿಲ್ಲ. ಆದ್ದರಿಂದ ತಿನ್ನುವ ಮೊದಲು ಮಾದರಿ ಕೊಟ್ಟು ಪರೀಕ್ಷೆ ಮಾಡಿಸಿ. ಒಂದೇ ಮೂಲೆಯಿಂದ ಹಿಡಿ ಕಾಳು ಕೊಡಬೇಡಿ, ಹತ್ತಾರು ಕಡೆಯಿಂದ ತೆಗೆದು ಕಲಸಿ ಕೊಡಿ. ಕೂಡಿಡಲು ತೇವ ಶೇ. 13ಕ್ಕೆ ಇಳಿಯಬೇಕು.

ನಾಲ್ಕು ಹಸು: ತೇವ ನೋಡುವ ಯಂತ್ರ ನಮ್ಮಲ್ಲಿ ಇಲ್ಲ ಮೇಡಂ. ಮತ್ತೆ... ನಿನ್ನೆ, ಮೊನ್ನೆ ಹಸುಗಳಿಗೆ ಹಾಕಿಬಿಟ್ಟಿದ್ದೇವೆ.

ಬೆಳೆ ತಜ್ಞೆ: ಹೇಳಿದ್ದು ಒಳ್ಳೆಯದಾಯಿತು. ಒಂದು ವಾರ ಆ ಹಾಲು ಮನೆಗೂ ಬೇಡ, ಮಾರಾಟಕ್ಕೂ ಬೇಡ. ಆ ಬೂಷ್ಟು ಮೇವು ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಹಾಲಿನಲ್ಲಿ ವಿಷ ಇಳಿಯುತ್ತದೆ. ಪಶುವೈದ್ಯರಿಗೆ ತೋರಿಸಿ. ಯಂತ್ರ ಇಲ್ಲದಿದ್ದರೆ: ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು, ಎರಡು ಚಮಚ ಒಣ ಉಪ್ಪು. ಮುಚ್ಚಳ ಹಾಕಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಗಾಜಿಗೆ ಉಪ್ಪು ಅಂಟಿದರೆ ತೇವ ಶೇ. 15ಕ್ಕಿಂತ ಜಾಸ್ತಿ. ಅಂಟದಿದ್ದರೂ ಇನ್ನೊಂದು ದಿನ ಒಣಗಿಸಿ.

ಸಿಹಿಗಾಳಿ: ನೋಡಿ, ಕೊನೆಗೆ ಉಪ್ಪೇ ಬಂತು!

ಬೆಳೆ ತಜ್ಞೆ: ಅಳೆಯಲು. ತೊಳೆಯಲು ಅಲ್ಲ.

ಹಳ್ಳದ ದಂಡೆ: ಹೊಲದಲ್ಲೇ ತಡೆಯಲು ಆಗಲ್ವಾ ಮೇಡಂ?

ಬೆಳೆ ತಜ್ಞೆ: ಆಗುತ್ತದೆ. ಅದೇ ಬೂಷ್ಟಿನಲ್ಲಿ ವಿಷ ಬಿಡದ ಬಗೆಯೂ ಇದೆ. ಹೂ ಬಿಡುವ ಎರಡು ಮೂರು ವಾರ ಮೊದಲು ಅದನ್ನು ಕಾಳಿಗೆ ಹತ್ತಿಸಿ ಹೊಲದಲ್ಲಿ ಎರಚುತ್ತಾರೆ. ಸಾಧು ಬೂಷ್ಟು ಜಾಗ ಹಿಡಿದು ಕೂತರೆ ವಿಷದ್ದಕ್ಕೆ ಜಾಗ ಇಲ್ಲ. ಅಮೆರಿಕ, ಆಫ್ರಿಕಾದಲ್ಲಿ ಬಳಕೆಯಲ್ಲಿದೆ. ಆಯಾ ಪ್ರದೇಶದ ಬೂಷ್ಟೇ ಬೇಕು, ಎಲ್ಲಿಂದಲೋ ತರಿಸುವುದಲ್ಲ.

ಲೆಕ್ಕದ ಮೇಷ್ಟ್ರು: ಒಂದು ಅನುಮಾನ. ಅಮೆರಿಕದ ಮೆಕ್ಕೆಜೋಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಥೆನಾಲ್‌ಗೆ ಹೋಗುತ್ತದೆ. ಕೆಟ್ಟ ಜೋಳವನ್ನೆಲ್ಲ ಇಂಧನಕ್ಕೆ ಕೊಟ್ಟರೆ ಆಯ್ತಲ್ಲ?

ಕಪ್ಪುಮಣ್ಣು: ಇಂಧನಕ್ಕೆ ಅನ್ನ ಸುಡುವುದನ್ನು ಮೇಷ್ಟ್ರು ಸಮರ್ಥಿಸುವುದು ನೋಡಿ.

ಲೆಕ್ಕದ ಮೇಷ್ಟ್ರು: ಜಗತ್ತಿನ ಮೆಕ್ಕೆಜೋಳದಲ್ಲಿ ಅರ್ಧಕ್ಕಿಂತ ಜಾಸ್ತಿ ದನ, ಹಂದಿ, ಕೋಳಿ ತಿನ್ನುವುದು. ಅನ್ನ ಅಂತೆ. ಲೆಕ್ಕ ಕಲಿಯಿರಿ ಸ್ವಾಮಿ.

ಕಪ್ಪುಮಣ್ಣು: ನಿಮ್ಮ ಕ್ಲಾಸಿಗೆ ಬಂದಿದ್ದರೆ ಖಂಡಿತ ಕಲಿಯುತ್ತಿರಲಿಲ್ಲ.

ಸಾವಯವ ಸಂಗಾತಿ: ಇಬ್ಬರೂ ಕಂಪನಿಗಳ ಪರವೇ.

ಕಪ್ಪುಮಣ್ಣು: ನಿಮ್ಮನ್ನು ಯಾರು ಕೇಳಿದರು?

ಬೆಳೆ ತಜ್ಞೆ: ಮೇಷ್ಟ್ರೇ, ಒಂದು ಟನ್ ಕಾಳಿನಿಂದ ಸುಮಾರು 400 ಲೀಟರ್ ಎಥೆನಾಲ್ ಬರುತ್ತದೆ. ಉಳಿದ ಸುಮಾರು 300 ಕೆಜಿ ಹಿಂಡಿ ಮೇವಾಗಿ ವಾಪಸ್ ಬರುತ್ತದೆ. ವಿಷ ಎಥೆನಾಲ್‌ಗೆ ಹೋಗುವುದಿಲ್ಲ, ಹಿಂಡಿಯಲ್ಲೇ ನಿಲ್ಲುತ್ತದೆ. ಪಿಷ್ಟ ಹೋದ ಮೇಲೆ ಅದೇ ವಿಷ ಮೂರು ಪಟ್ಟು ಗಟ್ಟಿ. ಆ ಹಿಂಡಿಯನ್ನು ಹಸು ತಿಂದರೆ ನಾವು ಶುರು ಮಾಡಿದ ಜಾಗಕ್ಕೇ ಬಂದೆವು.

ಮಳೆಬಿಲ್ಲು: ಲದ್ದಿ ಹುಳಕ್ಕೆ ಸುಳಿಯೊಳಗೆ ಬಟ್ಟೆ ತೊಳೆಯುವ ಪುಡಿ ಹಾಕಬಹುದಾ?

ಬೆಳೆ ತಜ್ಞೆ: ಬೇಡ. ಸುಳಿ ಸುಟ್ಟು ಹೋಗುತ್ತದೆ.

ಒಣಹುಲ್ಲು: ಬಿಟಿ ಬೀಜ ಹಾಕಿದರೆ ಆ ಹುಳ ಬರಲ್ಲ ಅಲ್ವಾ?

ಬೆಳೆ ತಜ್ಞೆ: ಬಿಟಿ ಅಂದರೆ ಹುಳ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ತಳಿ. ಒಂದೇ ವಿಷವನ್ನು ನೆಚ್ಚಿಕೊಂಡರೆ ಹುಳ ಅದಕ್ಕೆ ಒಗ್ಗುತ್ತದೆ. ಪೋರ್ಟೊ ರಿಕೊದಲ್ಲಿ ಒಗ್ಗಿತು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡ ಹುಳ 2018ಕ್ಕೆ ಭಾರತ, 2019ಕ್ಕೆ ಚೀನಾ, 2020ಕ್ಕೆ ಆಸ್ಟ್ರೇಲಿಯಾ ಮುಟ್ಟಿತು. ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿ.ಮೀ. ಹಾರಬಲ್ಲದು. ಕೆನ್ಯಾದ ಕಡೆ ಸಾಲಿನ ನಡುವೆ ಡೆಸ್ಮೋಡಿಯಂ ಅನ್ನುವ ಬೇಳೆಕಾಳಿನ ಜಾತಿಯ ಗಿಡ, ಅಂಚಿಗೆ ಮೇವಿನ ಹುಲ್ಲು ಹಾಕುತ್ತಾರೆ. ಒಳಗಿನದು ಪತಂಗವನ್ನು ಓಡಿಸುತ್ತದೆ, ಹೊರಗಿನದು ಎಳೆದುಕೊಳ್ಳುತ್ತದೆ. ಮಣ್ಣಿಗೆ ಸಾರಜನಕವೂ ಸಿಗುತ್ತದೆ.

ಸಿಹಿಗಾಳಿ: ನಮ್ಮ ಹಿರಿಯರು ಬೂಷ್ಟು ಒರೆಸಿಯೇ ತಿಂದರು. ತೊಂಬತ್ತು ವರ್ಷ ಬದುಕಿದರು.

ಬೆಳೆ ತಜ್ಞೆ: ಬದುಕಿದವರನ್ನು ಮಾತ್ರ ಕೇಳಿದ್ದೀರಿ.

ಸಿಹಿಗಾಳಿ: ಓದಿದವರಿಗೆ ಮಾತಾಡುವ ರೀತಿಯೇ ಗೊತ್ತಿಲ್ಲ.

ಹೊಸ ರೈತ: ಯೂರಿಯಾ ಕಂತು ಅಂದರೆ ಎಷ್ಟು ಕಂತು?

ಅಡ್ಮಿನ್: ಸಿಹಿಗಾಳಿ, ಕಪ್ಪುಮಣ್ಣು, ಇಬ್ಬರಿಗೂ ನಾಳೆ ತನಕ ಬಿಡುವು.

ನಾಲ್ಕು ಹಸು: ಮೇಡಂ, ಬಾಟಲಿ ಕುಲುಕಿದೆ. ಗಾಜಿನ ತುಂಬಾ ಉಪ್ಪು ಅಂಟಿಕೊಂಡಿದೆ.

ಬೆಳೆ ತಜ್ಞೆ: ಹಾಗಾದರೆ ಮೂಟೆ ಕಟ್ಟಬೇಡಿ. ಟಾರ್ಪಾಲ್ ಮೇಲೆ ಹೊದಿಸಿದ್ದನ್ನು ಕೆಳಗೆ ಹಾಸಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಅದರ ಮೇಲೆ ಹರವಿ. ಸಂಜೆ ಮತ್ತೆ ಬಾಟಲಿ ನೋಡಿ ಬರೆಯಿರಿ. ನಾನು ಇರುತ್ತೇನೆ.